ಏಟು ತಿನ್ನುವ ತಾಯಿ ಮುಂಬೈಯಲ್ಲಿ ಮೊದಲು ಎಲ್ಲಿಗೆ ಹೋಗಬೇಕು? ದಿಲಾಸಾ ಕೇಂದ್ರ ಮತ್ತು ಜೊತೆಯ ಸೇವೆಗಳ ವಿಮರ್ಶೆ

ಗಂಡನ ಕೈಯಲ್ಲಿ ಏಟು ತಿನ್ನುತ್ತಲೇ ಮಕ್ಕಳನ್ನು ಸಾಕುತ್ತಿರುವ ಹೆಂಗಸಿಗೆ ಮುಂಬೈಯಲ್ಲಿ ಸಿಗುವ ಉಚಿತ ಸೇವೆಗಳ ಪೈಕಿ ನಾವು ಮೊದಲು ಹೇಳುವ ಹೆಸರು ಪಾಲಿಕೆ ಆಸ್ಪತ್ರೆಯೊಳಗೆ ಇಂಥ ಹೆಂಗಸರಿಗೆ ಆಪ್ತಸಮಾಲೋಚನೆ ಕೊಡುವ ದಿಲಾಸಾ ಕೇಂದ್ರ. ಠಾಣೆ ಆಮೇಲೆ, ವಕೀಲರು ಆಮೇಲೆ. ಸಮುದಾಯದ ಸಂಘದ ಹಿರಿಯರನ್ನು ಕೂರಿಸಿ ರಾಜಿ ಮಾಡಿಸುವುದನ್ನು ನಾವು ಸೇವೆ ಎಂದೇ ಎಣಿಸುವುದಿಲ್ಲ. ಆಸ್ಪತ್ರೆ ಮೊದಲು ಏಕೆಂದರೆ ಅಲ್ಲಿಗೆ ಹೋಗಲು ನೆಪ ಹುಡುಕಬೇಕಾಗಿಲ್ಲ. ಮಗುವಿಗೆ ಲಸಿಕೆ ಇದೆ, ರಾತ್ರಿಯೆಲ್ಲ ಕೆಮ್ಮಿದೆ ಎಂದರೆ ಅತ್ತೆಯೂ ತಡೆಯುವುದಿಲ್ಲ. ಠಾಣೆಯ ಮೆಟ್ಟಿಲು ಹತ್ತಿದ ಸುದ್ದಿಯಾದರೋ ಸಾಲುಮನೆಗಳ ಚಾಳಿಗೆ ಅವಳಿಗಿಂತ ಮೊದಲೇ ಮುಟ್ಟಿರುತ್ತದೆ.

ಮೊದಲ ದಿಲಾಸಾ ಕೇಂದ್ರ ಶುರುವಾದದ್ದು 2000ರಲ್ಲಿ, ಬಾಂದ್ರಾ ಪಶ್ಚಿಮದ ಕೆ. ಬಿ. ಭಾಭಾ ಆಸ್ಪತ್ರೆಯಲ್ಲಿ; ಪಾಲಿಕೆಯ ಆರೋಗ್ಯ ಇಲಾಖೆ ಮತ್ತು ಸೆಹತ್ ಎಂಬ ಸಂಶೋಧನಾ ಸಂಸ್ಥೆ ಕೂಡಿ ಕಟ್ಟಿದ್ದು. ಆಮೇಲೆ ಕುರ್ಲಾದ ಭಾಭಾ ಆಸ್ಪತ್ರೆಗೂ ನಗರದ ಇತರ ಪಾಲಿಕೆ ಆಸ್ಪತ್ರೆಗಳಿಗೂ ಹಬ್ಬಿತು. ಆಸ್ಪತ್ರೆಯ ಒಂದು ವಿಭಾಗದಂತೆಯೇ ಇದು ನಡೆಯುತ್ತದೆ. ಕ್ಯಾಶುವಾಲ್ಟಿಯ, ಅಂದರೆ ತುರ್ತು ಚಿಕಿತ್ಸಾ ವಿಭಾಗದ ವೈದ್ಯರು, ಹೆರಿಗೆ ವಾರ್ಡಿನ ನರ್ಸು, ಮಕ್ಕಳ ಓಪಿಡಿಯವರು ಅನುಮಾನ ಬಂದ ಕೂಡಲೇ ಅವಳನ್ನು ಅದೇ ಕಟ್ಟಡದ ಇನ್ನೊಂದು ಕೋಣೆಗೆ ಕಳಿಸಬಹುದು. ಅವಳೇ ನೇರವಾಗಿಯೂ ಹೋಗಬಹುದು. ಗಾಯ ಇರಲೇಬೇಕೆಂದಿಲ್ಲ. ಬೈಗುಳ, ದುಡ್ಡು ಕೊಡದೆ ಸತಾಯಿಸುವುದು, ಒತ್ತಾಯದ ಸಂಭೋಗ, ತವರಿನವರೊಡನೆ ಮಾತಾಡಲು ಬಿಡದಿರುವುದು, ಎಲ್ಲವೂ 2005ರ ಕೌಟುಂಬಿಕ ದೌರ್ಜನ್ಯದ ಕಾಯ್ದೆಯಲ್ಲಿ ಹಿಂಸೆಯೇ.

ಮುಂಬೈ ಕನ್ನಡಿಗರಾದ ನಮ್ಮ ಜನರಲ್ಲಿ ಇಂಥದ್ದು ಕಡಿಮೆ ಎನ್ನುವವರಿಗೆ ಒಂದು ಅಂಕಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆ ಕಂಡ 18ರಿಂದ 49 ವಯಸ್ಸಿನ ಹೆಂಗಸರ ಪೈಕಿ ಕರ್ನಾಟಕದಲ್ಲಿ ಶೇ 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಮಹಾರಾಷ್ಟ್ರದಲ್ಲಿ ಅದು ಶೇ 25.2. ಕಲಬುರಗಿ, ವಿಜಯಪುರದಿಂದ ಕಟ್ಟಡ ಕೆಲಸಕ್ಕೆ ಬಂದು ಕೂಲಿಗಾಗಿ ನಾಕಾದಲ್ಲಿ (ರಸ್ತೆ ಕೂಡುವಲ್ಲಿ) ನಿಲ್ಲುವ ಮನೆಗಳಲ್ಲೂ, ಕರಾವಳಿಯಿಂದ ಬಂದು ಹೋಟೆಲು ಹಾಕಿ ಸ್ವಂತ ಫ್ಲಾಟ್ ಮಾಡಿಕೊಂಡ ಮನೆಗಳಲ್ಲೂ ಇದು ಇದೆ. ಫ್ಲಾಟಿನಲ್ಲಿ ಬಾಗಿಲು ಮುಚ್ಚಿರುತ್ತದೆ, ಅಷ್ಟೇ ವ್ಯತ್ಯಾಸ.

ಒಳ್ಳೆಯ ಸೇವೆಯನ್ನು ಅಳೆಯಬೇಕಾದರೆ ಈ ತಾಯಂದಿರ ಒತ್ತಡ ಹೇಗೆ ಕಾಣಿಸಿಕೊಳ್ಳುತ್ತದೆ ಎಂಬುದು ಗೊತ್ತಿರಬೇಕು. ಹೊಡೆತದ ಕಾರಣಕ್ಕೆಂದು ಆಸ್ಪತ್ರೆಗೆ ಬರುವವರು ಕಡಿಮೆ. ತಲೆನೋವು, ಎದೆ ಡವಡವ, ಸೊಂಟನೋವು, ಬಿಳಿಮುಟ್ಟು, ಹೊಟ್ಟೆಯುರಿ ಎಂದು ಬರುತ್ತಾರೆ. ಪರೀಕ್ಷೆ ಮಾಡಿದರೆ ಎಲ್ಲ ನಾರ್ಮಲ್. ಅವನ ಚಪ್ಪಲಿ ಸಪ್ಪಳಕ್ಕೆ ಕಿವಿ ಕೊಟ್ಟು ಕೊಟ್ಟು ರಾತ್ರಿ ನಿದ್ದೆ ತುಂಡು ತುಂಡಾಗಿರುತ್ತದೆ. ದೇಹ ಸದಾ ಏಟಿಗೆ ಸಿದ್ಧವಾಗಿ ನಿಂತಿರುವಾಗ ಮರೆವು, ಸಿಡುಕು, ಊಟ ಸೇರದಿರುವುದು ಸಹಜ. ಬಾಣಂತಿಯಲ್ಲಿ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ. ಭಯದಲ್ಲಿರುವಾಗ ಹಾಲು ಇಳಿಸುವ ಆಕ್ಸಿಟೋಸಿನ್ ಹಾರ್ಮೋನು ತಡವಾಗಿ ಬರುತ್ತದೆ. ಮೊಲೆಯಲ್ಲಿ ಹಾಲಿದೆ, ಮಗುವಿನ ಬಾಯಿಗೆ ಇಳಿಯುತ್ತಿಲ್ಲ. ಮನೆಯವರು ಹಾಲೇ ಇಲ್ಲವೆಂದು ಡಬ್ಬಿ ಪುಡಿ ತರುತ್ತಾರೆ, ಮಗು ಮೊಲೆ ಎಳೆಯುವುದು ಕಡಿಮೆಯಾಗುತ್ತದೆ, ಆಗ ಹಾಲು ನಿಜಕ್ಕೂ ಬತ್ತುತ್ತದೆ, ಆ ಬೈಗುಳವೂ ಅವಳಿಗೇ. ಮಗು ತೂಕ ಏರುತ್ತಿಲ್ಲವೆಂದು ಬಂದ ತಾಯಿಯನ್ನು ‘ಮನೆಯಲ್ಲಿ ಹೆದರಿಕೆಯಾಗುವಂಥದ್ದು ಏನಾದರೂ ಇದೆಯೇ’ ಎಂದು ಒಬ್ಬಳೇ ಇದ್ದಾಗ ಕೇಳುವ ನರ್ಸು ಇರುವ ಓಪಿಡಿ ನಮ್ಮ ದೃಷ್ಟಿಯಲ್ಲಿ ಅತ್ಯುತ್ತಮ ಓಪಿಡಿ.

ತಾಯಿಯೇ ಮಕ್ಕಳ ಮೇಲೆ ಕೈ ಎತ್ತುವುದೂ ಉಂಟು. ಅವಳು ಅದನ್ನು ಹೇಳಿಕೊಂಡಾಗ ಎದುರಿನವರ ಮುಖ ಬದಲಾದರೆ ಮುಂದಿನ ಸಲ ಆಕೆ ಬರುವುದಿಲ್ಲ. ಮಗುವಿನ ರಕ್ಷಣೆಯ ಮಾತನ್ನು ಬಿಡದೆ, ಅವಳನ್ನು ದೂರದೆ, ಎರಡನ್ನೂ ಒಟ್ಟಿಗೆ ಹಿಡಿಯಬಲ್ಲವರೇ ಆಪ್ತಸಮಾಲೋಚಕರು.

ಮೊದಲ ಭೇಟಿಗೆ ಒಂದರಿಂದ ಎರಡು ಗಂಟೆ ಇಟ್ಟುಕೊಳ್ಳಿ. ಓಪಿಡಿ ಗದ್ದಲ ಬೇರೆ, ಆದ್ದರಿಂದ ಬೆಳಿಗ್ಗೆ ಬೇಗ ಹೋಗುವುದು ಮೇಲು. ಕೇಸ್ ಪೇಪರ್ (ಆಸ್ಪತ್ರೆಯ ನೋಂದಣಿ ಮತ್ತು ಚಿಕಿತ್ಸೆಯ ದಾಖಲೆ) ಮಾಡಿಸಿ, ಗಾಯವಿದ್ದರೆ ಮೊದಲು ವೈದ್ಯರಿಗೆ ತೋರಿಸಿ, ಆಮೇಲೆ ದಿಲಾಸಾ ಕೋಣೆ. ಅಲ್ಲಿ ಮೊದಲು ಆಗಬೇಕಾದದ್ದು ಸಾಂತ್ವನಕ್ಕಿಂತ ಅಪಾಯದ ಲೆಕ್ಕಾಚಾರ. ಹೊಡೆತ ಈಚೆಗೆ ಹೆಚ್ಚಿದೆಯೇ, ಕೊಲ್ಲುತ್ತೇನೆ ಎಂದಿದ್ದಾನೆಯೇ, ಆಯುಧ ಹಿಡಿದಿದ್ದಾನೆಯೇ, ಬಸುರಿಯಾಗಿದ್ದಾಗಲೂ ಹೊಡೆದನೇ, ಸಾಯಬೇಕೆಂದು ನಿಮಗೆ ಅನಿಸುತ್ತಿದೆಯೇ, ಮಕ್ಕಳ ಮೈಮೇಲೆ ಕೈ ಹಾಕುತ್ತಾನೆಯೇ ಎಂದು ಕೇಳುತ್ತಾರೆ. ಈ ಪ್ರಶ್ನೆಗಳು ಬಂದರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ ಎಂದರ್ಥ. ಅವರು ಕೇಳದಿದ್ದರೂ ಹೇಳಲೇಬೇಕಾದ ಒಂದು ಸಂಗತಿ: ಕತ್ತು ಹಿಸುಕಿದ್ದಾನೆಯೇ? ಒಮ್ಮೆ ಹಿಸುಕಿದವನ ಕೈಯಲ್ಲಿ ಮುಂದೆ ಜೀವ ಹೋಗುವ ಸಾಧ್ಯತೆ ಬಹಳ ಏರುತ್ತದೆ. ಹೊರಗೆ ಗುರುತೇ ಇಲ್ಲದಿರಬಹುದು. ದನಿ ಒಡೆಯುವುದು, ನುಂಗಲು ಕಷ್ಟ, ಕಣ್ಣಲ್ಲಿ ಕೆಂಪು ಚುಕ್ಕೆ, ತಲೆಸುತ್ತು ಒಂದೆರಡು ದಿನ ತಡವಾಗಿ ಕಾಣಿಸಬಹುದು. ಕತ್ತಿನ ಮೇಲೆ ಕೈ ಬಿದ್ದಿದ್ದರೆ ನಾಳೆ ನೋಡೋಣ ಎನ್ನದೆ ಅಂದೇ ಕ್ಯಾಶುವಾಲ್ಟಿಗೆ ಹೋಗಬೇಕು.

ಇಡೀ ವ್ಯವಸ್ಥೆಯಲ್ಲಿ ಹೆಚ್ಚು ಕೆಡುವುದು ಕೇಸ್ ಪೇಪರಿನ ಒಂದು ಸಾಲಿನಲ್ಲಿ. ಗಂಡ ಪಕ್ಕದಲ್ಲಿ ನಿಂತಿರುತ್ತಾನೆ, ಅವಳು ಬಾತ್‌ರೂಮಿನಲ್ಲಿ ಜಾರಿದೆ ಎನ್ನುತ್ತಾಳೆ, ವೈದ್ಯರು ಹಾಗೇ ಬರೆಯುತ್ತಾರೆ. ಎರಡು ವರ್ಷದ ನಂತರ ಕೋರ್ಟಿನಲ್ಲಿ ಆ ಸಾಲು ಅವಳ ವಿರುದ್ಧವೇ ನಿಲ್ಲುತ್ತದೆ. ಡ್ರೆಸ್ಸಿಂಗ್‌ಗೋ ಎಕ್ಸ್‌ರೇಗೋ ಒಳಗೆ ಕರೆದಾಗ ನರ್ಸಿಗೆ ಮೆಲ್ಲನೆ ಹೇಳಿದರೂ ಸಾಕು, ಗಂಡನನ್ನು ಹೊರಗೆ ನಿಲ್ಲಿಸುವುದು ಅವರಿಗೆ ಕಷ್ಟವಲ್ಲ. ಬರೆಸಬೇಕಾದದ್ದು ಇಷ್ಟು: ಯಾರು ಹೊಡೆದರು, ಯಾವುದರಿಂದ, ಯಾವಾಗ, ಎಲ್ಲಿ, ಮೈಯ ಯಾವ ಭಾಗಕ್ಕೆ. ‘ಗಂಡ, ಬೆಲ್ಟಿನಿಂದ, ನಿನ್ನೆ ರಾತ್ರಿ 10 ಗಂಟೆಗೆ, ಮನೆಯಲ್ಲಿ, ಬೆನ್ನು ಮತ್ತು ಎಡ ತೋಳಿಗೆ.’ ಹಳೆಯ ಗಾಯಗಳನ್ನೂ ತೋರಿಸಿ, ಬಣ್ಣಸಮೇತ ಬರೆಸಿ. ಎಂಎಲ್‌ಸಿ (ಕಾನೂನಿಗೆ ಬೇಕಾಗುವ ಗಾಯದ ಆಸ್ಪತ್ರೆ ದಾಖಲೆ) ಮಾಡಿಸಿದ ಮಾತ್ರಕ್ಕೆ ಎಫ್‌ಐಆರ್ ಆಗುವುದಿಲ್ಲ, ಗಂಡನನ್ನು ಅಂದೇ ಎತ್ತಿಕೊಂಡು ಹೋಗುವುದಿಲ್ಲ. ಈ ತಪ್ಪು ಕಲ್ಪನೆಯಿಂದ ಎಷ್ಟೋ ಹೆಂಗಸರು ಹೆದರಿ ಎಂಎಲ್‌ಸಿಯೇ ಬೇಡವೆನ್ನುತ್ತಾರೆ. ಫೋಟೊ ತೆಗೆಯುವುದಾದರೆ ಮುಖ ಕಾಣುವಂತೆ ಒಂದು, ಗಾಯದ ಪಕ್ಕ ನಾಣ್ಯ ಇಟ್ಟು ಹತ್ತಿರದಿಂದ ಒಂದು, ಎರಡು ದಿನ ಬಿಟ್ಟು ಮತ್ತೊಂದು, ಏಕೆಂದರೆ ಬಾವು ಕಂದುವುದು ಆಮೇಲೆಯೇ. ನಂಬಿಕಸ್ಥರಿಗೆ ಕಳಿಸಿ, ತನ್ನ ಫೋನಿನಿಂದ ಅಳಿಸುವುದು ಒಳಿತು.

ಅದೇ ರಾತ್ರಿ ಮನೆಗೆ ಹೋಗುವುದು ಅಪಾಯವಾದರೆ ನಿಗಾದ ಹೆಸರಿನಲ್ಲಿ ಒಂದು ದಿನದ ಮಟ್ಟಿಗೆ ವಾರ್ಡಿನಲ್ಲೇ ಉಳಿಸಿಕೊಳ್ಳಲು ದಿಲಾಸಾದವರು ವೈದ್ಯರೊಡನೆ ಮಾತಾಡಬಲ್ಲರು. ಈ ಸೌಲಭ್ಯ ಬಾಯಿಬಿಟ್ಟು ಕೇಳಿದವರಿಗೇ ಹೆಚ್ಚಾಗಿ ಸಿಗುತ್ತದೆ, ಆದ್ದರಿಂದ ಕೇಳಿ.

ಇನ್ನು ಮಾತ್ರೆಯ ವಿಷಯ. ನಿದ್ದೆ ಇಲ್ಲವೆಂದು ಹೇಳಿದ ತಕ್ಷಣ ಅಲ್ಪ್ರಾಜೋಲಾಮ್‌ನಂಥ ಗುಳಿಗೆ ಬರೆದು ಕಳಿಸುವುದು ಯಾವ ಕ್ಲಿನಿಕ್ಕಿನಲ್ಲಾದರೂ ಆಗಲಿ, ಕೆಟ್ಟ ಸೇವೆ. ಅದು ಬೇಗ ಅಭ್ಯಾಸವಾಗುತ್ತದೆ. ಗಾಢ ಮಂಪರಿನಲ್ಲಿರುವ ತಾಯಿಗೆ ಕೂಸಿನ ಅಳುವೂ ಕೇಳಿಸದು, ಕುಡಿದು ಬಂದವನ ಹೆಜ್ಜೆಯೂ ಕೇಳಿಸದು. ಖಿನ್ನತೆ ನಿಜವಾಗಿ ಗಟ್ಟಿಯಾಗಿದ್ದರೆ ಸೆರ್ಟ್ರಾಲಿನ್‌ನಂಥ ಔಷಧಿ ಸಹಾಯಕ್ಕೆ ಬರುತ್ತದೆ. ಅದರ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಚಟ ಹಿಡಿಸುವುದಿಲ್ಲ, ಆದರೆ ವೈದ್ಯರನ್ನು ಕೇಳದೆ ಏಕಾಏಕಿ ನಿಲ್ಲಿಸಬಾರದು. ಮೊಲೆಹಾಲು ಕೊಡುತ್ತಿದ್ದರೆ ಮೊದಲೇ ಹೇಳಿ, ಹಾಲುಣಿಸುವ ತಾಯಂದಿರಿಗೆ ಸಾಮಾನ್ಯವಾಗಿ ಆರಿಸುವ ಔಷಧಿಗಳಲ್ಲಿ ಅದೂ ಒಂದು. ಸಾಯುವ ಯೋಚನೆ ಬರುತ್ತಿದ್ದರೆ ಒಂದು ವಾರಕ್ಕಾಗುವಷ್ಟೇ ಗುಳಿಗೆ ಬರೆಸಿಕೊಳ್ಳಬೇಕು, ತಿಂಗಳದ್ದು ಮನೆಯಲ್ಲಿ ಇರಕೂಡದು. ಬಸುರಿ ಬಾಣಂತಿಯರಿಗೆ ಖಿನ್ನತೆ ಗುರುತಿಸುವ ಎಡಿನ್‌ಬರೋ ಪ್ರಶ್ನಾವಳಿ ಇದೆ. 10 ಪ್ರಶ್ನೆ, 30 ಅಂಕ, 13 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮನೋವೈದ್ಯರನ್ನು ಕಾಣಬೇಕು. ಹತ್ತನೆಯದು ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅದರಲ್ಲಿ ಒಂದೇ ಅಂಕ ಬಂದರೂ ಆ ದಿನವೇ ಮಾತು ಆಗಬೇಕು. ಇದರ ಕನ್ನಡ ರೂಪ ಪರೀಕ್ಷೆಗೊಳಪಟ್ಟು ಬಳಕೆಯಲ್ಲಿದೆ, ಕೇಳಿ ಪಡೆಯಿರಿ. ಉಸಿರಾಟದ ಅಭ್ಯಾಸವನ್ನೂ ಕಲಿಸುತ್ತಾರೆ: ಎಣಿಸಿ ನಾಲ್ಕಕ್ಕೆ ಒಳಗೆ, ಆರಕ್ಕೆ ಹೊರಗೆ, ಐದು ನಿಮಿಷ, ಅಂಗಾಲು ನೆಲಕ್ಕೆ ಒತ್ತಿ. ಎದೆಬಡಿತ ಇಳಿಯುತ್ತದೆ, ನಿಜ. ಹೊಡೆಯುವ ಕೈ ನಿಲ್ಲದೆ ಒತ್ತಡ ನಿಲ್ಲುವುದಿಲ್ಲ ಎಂಬುದನ್ನು ಜೊತೆಗೇ ಹೇಳುವವರನ್ನು ನಂಬಿ.

ಸುರಕ್ಷತಾ ಯೋಜನೆ ಮಾಡುವುದರಲ್ಲಿ ದಿಲಾಸಾದಂಥ ಕೇಂದ್ರ ಉಳಿದೆಲ್ಲಕ್ಕಿಂತ ಮುಂದಿದೆ. 10×10 ಅಡಿಯ ಖೋಲಿಯಲ್ಲಿ ಸುರಕ್ಷಿತ ಮೂಲೆ ಎಂದರೆ ಯಾವುದು? ಅಡುಗೆಕಟ್ಟೆಯಿಂದ ದೂರ, ಬಾಗಿಲ ಹತ್ತಿರ. ಜಗಳ ಏರುವಾಗ ಮೋರಿಯೊಳಗೆ, ಅಂದರೆ ಮೂಲೆಯ ಬಚ್ಚಲಿಗೆ, ಹೊಕ್ಕರೆ ಹೊರಗೆ ದಾರಿಯಿಲ್ಲ. ಐದಾರು ವರ್ಷದ ಮಗುವಿಗೆ ಒಂದು ಗುಟ್ಟಿನ ಮಾತು ಕಲಿಸಿ, ಅದನ್ನು ಕೇಳಿದೊಡನೆ ಅದು ನಂಬಿಕೆಯ ನೆರೆಮನೆಗೆ ಓಡಬೇಕು. ಬಿಡಿಸಲು ನಡುವೆ ಬರಬಾರದು ಎಂಬುದನ್ನೂ ಹೇಳಿಕೊಡಬೇಕು, ನಡುವೆ ಬಂದ ಮಕ್ಕಳಿಗೇ ಪೆಟ್ಟು ಬೀಳುವುದು. ಆಧಾರ್, ರೇಷನ್ ಕಾರ್ಡ್, ಮಗುವಿನ ಜನನ ಪ್ರಮಾಣಪತ್ರ ಮತ್ತು ಲಸಿಕೆ ಕಾರ್ಡ್, ಪಾಸ್‌ಬುಕ್, ಮದುವೆಯ ಒಂದು ಫೋಟೊ, ಇವುಗಳ ಜೆರಾಕ್ಸ್ ಮನೆಯ ಹೊರಗೆ ಒಬ್ಬರ ಬಳಿ ಇರಲಿ. ಊರಿಗೆ ಹೋಗುವಷ್ಟು ರೈಲು ದುಡ್ಡೂ ಅಲ್ಲೇ ಇರಲಿ. ಫೋನಿನಲ್ಲಿ ವಾಟ್ಸಾಪ್ ತೆರೆದು ‘ಲಿಂಕ್ಡ್ ಡಿವೈಸಸ್’ ನೋಡಿ, ಅಲ್ಲಿ ಗೊತ್ತಿಲ್ಲದ ಕಂಪ್ಯೂಟರ್ ಇದ್ದರೆ ಅವಳ ಮಾತೆಲ್ಲ ಇನ್ನೊಬ್ಬರು ಓದುತ್ತಿದ್ದಾರೆ. ಅದನ್ನು ತೆಗೆದರೆ ಅವನಿಗೆ ತಿಳಿಯುತ್ತದೆ, ಆದ್ದರಿಂದ ಮನೆ ಬಿಡುವ ವಿಚಾರವಿದ್ದರೆ ಬೇರೆ ಫೋನಿನಿಂದ ಮಾತಾಡುವುದೇ ಮೇಲು. ಬಿಟ್ಟು ಹೋಗುವ ಹೊತ್ತು ಮತ್ತು ಹೋದ ಮೇಲಿನ ಕೆಲವು ವಾರ ಹೆಚ್ಚು ಅಪಾಯದ ಕಾಲ. ‘ನಾಳೆಯೇ ಹೊರಟುಬಿಡು’ ಎಂದು ಧೈರ್ಯ ತುಂಬುವ ಬಂಧುಗಳು ಇದನ್ನು ಅರಿತಿರಬೇಕು.

ದಿಲಾಸಾದ ಕೊರತೆ ಎರಡು. ಒಂದು, ಇದು ಹಗಲಿನ ಸೇವೆ. ರಾತ್ರಿ ಕ್ಯಾಶುವಾಲ್ಟಿ ತೆರೆದಿರುತ್ತದೆ, ಸಮಾಲೋಚಕರು ಇರುವುದಿಲ್ಲ. ಇನ್ನೊಂದು ಭಾಷೆ. ಕೆಲಸ ಸಾಗುವುದು ಮರಾಠಿ, ಹಿಂದಿಯಲ್ಲಿ. ಹತ್ತು ವರ್ಷ ಮುಂಬೈಯಲ್ಲಿದ್ದು ತರಕಾರಿಯವನೊಡನೆ ಸಲೀಸಾಗಿ ಹಿಂದಿ ಆಡುವ ಹೆಂಗಸಿಗೂ ಹಾಸಿಗೆಯ ಮೇಲಿನ ಹಿಂಸೆಯನ್ನು ಹಿಂದಿಯಲ್ಲಿ ಹೇಳಲು ಬಾಯಿ ಬರುವುದಿಲ್ಲ. ಆಗ ಆಗುವ ದೊಡ್ಡ ತಪ್ಪು ನಾದಿನಿಯನ್ನೋ ಪಕ್ಕದ ಮನೆಯವರನ್ನೋ ಶಾಲೆಗೆ ಹೋಗುವ ಮಗಳನ್ನೋ ದುಭಾಷಿಯಾಗಿ ಕೂರಿಸಿಕೊಳ್ಳುವುದು. ಅರ್ಧ ಮಾತು ಅಲ್ಲೇ ಸಾಯುತ್ತದೆ, ಉಳಿದರ್ಧ ಮನೆಗೆ ಮುಟ್ಟುತ್ತದೆ. ಆ ಮಗಳು ಕೇಳಬಾರದ್ದನ್ನು ಕೇಳಿ ಹೊತ್ತು ತಿರುಗುತ್ತಾಳೆ. ಇದಕ್ಕೆ ನಾವು ಸೂಚಿಸುವ ದಾರಿ: ಕನ್ನಡ ಬಲ್ಲ ನರ್ಸೋ ಆಯಾನೋ ಆಸ್ಪತ್ರೆಯಲ್ಲೇ ಇದ್ದಾರೆಯೇ ಎಂದು ಸಮಾಲೋಚಕರನ್ನೇ ಕೇಳಿ. ಇಲ್ಲದಿದ್ದರೆ ಸ್ಪೀಕರಿನಲ್ಲಿ ಬೇರೆ ಊರಿನ ನಂಬಿಕೆಯ ಗೆಳತಿಯೊಬ್ಬಳು ಆದೀತು, ಗಂಡನ ಕಡೆಯವರನ್ನು ಬಲ್ಲವಳು ಬೇಡ. ಮನಸ್ಸಿನ ಭಾರವನ್ನು ಮಾತ್ರ ಕನ್ನಡದಲ್ಲೇ ಇಳಿಸಬೇಕೆಂದರೆ ಟೆಲಿ ಮಾನಸ್ ಸಹಾಯವಾಣಿ 14416. 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ, 24 ಗಂಟೆಯೂ ಉಚಿತ, ಕನ್ನಡವೂ ಸೇರಿ 20 ಭಾಷೆಗಳಲ್ಲಿದೆ. ಸಂಕಟದ ರಾತ್ರಿಗೆ ಒಳ್ಳೆಯ ಆಸರೆ. ಆದರೆ ಅದು ಮಾನಸಿಕ ಆರೋಗ್ಯದ ಸೇವೆ. ಪೊಲೀಸರನ್ನು ಕಳಿಸುವುದಕ್ಕೆ 112, ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098. ಈ ನಾಲ್ಕನ್ನು ಫೋನಿನಲ್ಲಿ ಸೇವ್ ಮಾಡುವುದು ಬೇಡ, ಬಾಯಿಪಾಠ ಮಾಡಿ. ಕರೆ ಮಾಡಿದ ಮೇಲೆ ಕಾಲ್ ಲಾಗ್ ಅಳಿಸಿ.

ಠಾಣೆಯ ವಿಷಯಕ್ಕೆ ಬಂದರೆ, ನೇರವಾಗಿ ಡ್ಯೂಟಿ ಅಧಿಕಾರಿಯ ಮುಂದೆ ನಿಲ್ಲುವುದಕ್ಕಿಂತ ಮಹಿಳೆ ಮತ್ತು ಮಕ್ಕಳ ಸ್ಪೆಷಲ್ ಸೆಲ್ ಮೂಲಕ ಹೋಗುವುದು ಉತ್ತಮ. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು 1984ರಲ್ಲಿ ಮುಂಬೈ ಪೊಲೀಸ್ ಆಯುಕ್ತರ ಕಚೇರಿಯಲ್ಲೇ ಆರಂಭಿಸಿದ ಏರ್ಪಾಡು ಇದು. ಅಲ್ಲಿ ಕೂರುವವರು ತರಬೇತಾದ ಸಮಾಜಕಾರ್ಯಕರ್ತರು, ಪೊಲೀಸರಲ್ಲ. ಠಾಣೆಯಲ್ಲಿ ಗೊತ್ತಿರಬೇಕಾದ ವ್ಯತ್ಯಾಸ ಒಂದೇ. ಎನ್‌ಸಿ, ಅಂದರೆ ಪೊಲೀಸರು ತಾವಾಗಿ ತನಿಖೆ ಮಾಡಲಾಗದ ಅಪರಾಧವೆಂದು ಬರೆದುಕೊಂಡು ಚೀಟಿ ಕೊಟ್ಟರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ನಡೆಯುವುದಿಲ್ಲ. ಗಂಡ ಅಥವಾ ಅವನ ಮನೆಯವರ ಕ್ರೌರ್ಯಕ್ಕೆ ಹಿಂದಿನ 498ಎ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ, ಇದು ಎಫ್‌ಐಆರ್ ಆಗುವ ಅಪರಾಧ. ಎನ್‌ಸಿ ಚೀಟಿಯೂ ವ್ಯರ್ಥವಲ್ಲ, ಪ್ರತಿ ಸಲದ್ದನ್ನೂ ಕೂಡಿಡಿ. ಹಿಂಸೆ ಮರುಕಳಿಸುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ.

ಜೋಡಿಯಾಗಿ ಕೂರಿಸಿ ‘ಸ್ವಲ್ಪ ನೀನೂ ತಗ್ಗಿ ಬಗ್ಗಿ ನಡೆ’ ಎನ್ನುವ ಸಮಾಲೋಚನೆ ಎಲ್ಲಿ ನಡೆದರೂ ಅಲ್ಲಿಂದ ಎದ್ದು ಬನ್ನಿ. ಅವನ ಎದುರು ಆಡಿದ ಪ್ರತಿ ಸತ್ಯಕ್ಕೂ ಮನೆಯಲ್ಲಿ ಬಡ್ಡಿ ಕಟ್ಟಬೇಕಾಗುತ್ತದೆ. 2006ರ ಕೌಟುಂಬಿಕ ದೌರ್ಜನ್ಯ ನಿಯಮಗಳ 14ನೇ ನಿಯಮ ಸ್ಪಷ್ಟವಾಗಿದೆ: ಸಮಾಲೋಚನೆಯಲ್ಲಿ ಹೊಡೆದದ್ದಕ್ಕೆ ಯಾವ ಸಮರ್ಥನೆಯನ್ನೂ ಹೇಳಲು ಅವನಿಗೆ ಅವಕಾಶವಿಲ್ಲ. ಉಪ್ಪು ಹೆಚ್ಚಾಗಿತ್ತು, ಎದುರು ಮಾತಾಡಿದಳು, ಯಾವುದೂ ಲೆಕ್ಕಕ್ಕಿಲ್ಲ. ಸಮಾಲೋಚಕರಿಗೆ ಈ ನಿಯಮ ಗೊತ್ತಿದೆಯೇ ಎಂದು ಕೇಳಿ ನೋಡಿ, ಅವರ ಯೋಗ್ಯತೆ ತಿಳಿಯುತ್ತದೆ.

ತಾಯಂದಿರನ್ನು ಹಿಂಸೆಯಲ್ಲೇ ಕಟ್ಟಿಹಾಕುವ ಬೆದರಿಕೆ ‘ಮಕ್ಕಳನ್ನು ಕಿತ್ತುಕೊಳ್ಳುತ್ತೇನೆ’ ಎಂಬುದು. 2005ರ ಕಾಯ್ದೆಯ 21ನೇ ಕಲಂ ಪ್ರಕಾರ ಮತ್ತೆ ಹಿಂಸಿಸದಂತೆ ಗಂಡನನ್ನು ತಡೆಯುವ ರಕ್ಷಣಾ ಆದೇಶದ ಅರ್ಜಿಯ ಜೊತೆಯಲ್ಲೇ ಮಕ್ಕಳ ತಾತ್ಕಾಲಿಕ ಸುಪರ್ದಿ ಕೇಳಬಹುದು. ಹಿಂದೂ ಕುಟುಂಬಗಳಲ್ಲಿ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರಬೇಕೆನ್ನುತ್ತದೆ 1956ರ ಕಾನೂನು. ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಅದು ಅವಳು ಸಂಸಾರ ಮಾಡಿದ ಮನೆಯಾಗಿದ್ದರೆ ಅಲ್ಲಿ ವಾಸದ ಹಕ್ಕು ಕೇಳಲು ಅಡ್ಡಿಯಿಲ್ಲವೆಂದು ಸುಪ್ರೀಂ ಕೋರ್ಟ್ 2020ರ ಅಕ್ಟೋಬರಿನಲ್ಲಿ ಹೇಳಿದೆ. ಹೆಂಗಸಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ಹಕ್ಕಿದೆ, 15100ಕ್ಕೆ ಕರೆ ಮಾಡಿದರೆ ದಾರಿ ಸಿಗುತ್ತದೆ. ಮುಂಬೈಯಲ್ಲಿ ಮಹಿಳೆಯರ ಮೊಕದ್ದಮೆಗಳಲ್ಲೇ ಪಳಗಿದವರು ಬೇಕೆಂದರೆ, ತಾವೇ ಹಿಂಸೆಯ ಮದುವೆಯಿಂದ ಹೊರಬಂದು ವಕೀಲರಾದ ಫ್ಲೇವಿಯಾ ಆಗ್ನೆಸ್ ಸಹಸ್ಥಾಪಕಿಯಾಗಿರುವ ಮಜ್ಲಿಸ್ ಎಂಬ ಕಾನೂನು ನೆರವಿನ ಸಂಸ್ಥೆ ಇದೆ. ಧಾರಾವಿ ಸುತ್ತಿನವರಿಗೆ ಹೆಂಗಸರ, ಮಕ್ಕಳ ಆರೋಗ್ಯಕ್ಕಾಗಿ ದುಡಿಯುವ ಸ್ನೇಹಾ ಸಂಸ್ಥೆಯ ಕಾರ್ಯಕರ್ತೆಯರು ಹತ್ತಿರದವರು.

ಆಶ್ರಯದ ಏರ್ಪಾಡೇ ಇಡೀ ಸರಪಳಿಯ ದುರ್ಬಲ ಕೊಂಡಿ. ಹಿಂಸೆಗೊಳಗಾದ ಹೆಂಗಸರಿಗಾಗಿ ಸರಕಾರ ನಡೆಸುವ ಸಖಿ ಒನ್ ಸ್ಟಾಪ್ ಸೆಂಟರಿನಲ್ಲಿ ತಂಗಲು ಗರಿಷ್ಠ ಐದು ದಿನ. ಹೆಣ್ಣುಮಕ್ಕಳಿಗೆ ವಯಸ್ಸಿನ ಅಡ್ಡಿಯಿಲ್ಲ, ಗಂಡುಮಗುವಿಗೆ ಮಿತಿ ಇರುತ್ತದೆ. ಬೆಳೆದ ಹುಡುಗನನ್ನು ಕರೆದುಕೊಂಡು ಬಾಗಿಲಿಗೆ ಹೋಗಿ ತಿರುಗಿ ಬರುವಂತಾಗಬಾರದು, ಮಗನ ವಯಸ್ಸು ಹೇಳಿ ಮೊದಲೇ ವಿಚಾರಿಸಿ. ಬಹಳಷ್ಟು ಕನ್ನಡದ ಹೆಂಗಸರು ಇದರ ಬದಲು ತವರಿನ ರೈಲು ಹತ್ತುತ್ತಾರೆ. ಅದು ಸೋಲಲ್ಲ, ಕಾನೂನೂ ಅದಕ್ಕೆ ಒಪ್ಪಿದೆ. 2005ರ ಕಾಯ್ದೆಯ 27ನೇ ಕಲಂ ಪ್ರಕಾರ ಅವಳು ತಾತ್ಕಾಲಿಕವಾಗಿ ವಾಸವಿರುವ ಊರಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೂ ಅರ್ಜಿ ಹಾಕಬಹುದು, ಆ ಆದೇಶ ಮುಂಬೈಯಲ್ಲೂ ನಡೆಯುತ್ತದೆ. ಯಾದಗಿರಿಯ ಕೋರ್ಟಿನಲ್ಲಿ ತನ್ನ ಭಾಷೆಯಲ್ಲೇ ಹೇಳಿಕೆ ಕೊಡಬಹುದು ಎಂಬುದೂ ಸಣ್ಣ ಸಂಗತಿಯಲ್ಲ. ಶಾಲೆಯ ಮಕ್ಕಳಿದ್ದರೆ ಟಿಸಿ ತಡವಾಯಿತೆಂಬ ಕಾರಣಕ್ಕೆ ಎಂಟನೇ ತರಗತಿಯವರೆಗೆ ಸರಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಹೊರಡುವ ಮುನ್ನ ಆಸ್ಪತ್ರೆಯ ಕೇಸ್ ಪೇಪರು, ಎಂಎಲ್‌ಸಿ ನಂಬರು, ದಿಲಾಸಾದಲ್ಲಿ ದಾಖಲಾದ ತಾರೀಖು, ಸಮಾಲೋಚಕರ ಹೆಸರು ಇಷ್ಟನ್ನು ಒಂದು ಕಾಗದದಲ್ಲಿ ಬರೆಸಿಕೊಳ್ಳಿ. ಊರಿನ ವಕೀಲರು ಮೊದಲು ಕೇಳುವುದು ಅದನ್ನೇ, ಮತ್ತು ಆರು ತಿಂಗಳ ನಂತರ ಅದಕ್ಕಾಗಿ ಮುಂಬೈಗೆ ತಿರುಗಿ ಬರುವುದು ಕೂಸು ಕಟ್ಟಿಕೊಂಡವಳಿಗೆ ಸುಲಭವಲ್ಲ.